ಪೀಠದ ಮುಂದೆ ಬಿಟ್ಟುಹೋದ ಮಾತ್ರೆಗಳು

ಸುಣ್ಣದಕೊಪ್ಪದ ಚರ್ಚಿನ ಹಿಂಬದಿಯಲ್ಲಿ, ಅಡುಗೆಮನೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆಯಿತ್ತು. ಉಪದೇಶಿ ಗಿದಿಯೋನಪ್ಪನವರು ತಮ್ಮ ಜೀವಿತದ ಕೊನೆಯ ಹದಿನೆಂಟು ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಒಂದು ಹಗ್ಗದ ಮಂಚ, ಎರಡು ಧೋತರ, ಗೋಡೆಯ ಹಲಗೆಯ ಮೇಲೆ ನಾಲ್ಕಾರು ಡಬ್ಬಿಗಳು, ಇಷ್ಟೇ ಅವರ ಸಂಸಾರ. ಪ್ರಾಯದಲ್ಲಿ ಮಗ್ಗದ ಮುಂದೆ ಕೂತವರು, ಆಮೇಲೆ ಊರೂರು ನಡೆದು ಸುವಾರ್ತೆ ಹೇಳಿದವರು. ಅವರಿಗೆ ಯಾವ ಪದವಿಯೂ ಇರಲಿಲ್ಲ. ಆದರೂ ಅಜ್ಜಾರು ತಲೆಯ ಮೇಲೆ ಕೈಯಿಟ್ಟರೆ ಬೇನೆ ಬಿಡುತ್ತದೆಂದು ಸುತ್ತಲಿನ ಹಳ್ಳಿಗಳ ಜನ ನಂಬಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಅದು ವಿನಯವೆಂದು ನಾವೆಲ್ಲ ತಿಳಿದಿದ್ದೆವು.

ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದು ಹೊಲಗಳು ಬರಿದಾಗುವ ಹೊತ್ತಿಗೆ, ಆ ಚರ್ಚಿನಲ್ಲಿ ಮೂರು ದಿನ ಸುವಾರ್ತಾ ಕೂಟ ನಡೆಯುತ್ತಿತ್ತು. ಟ್ರ್ಯಾಕ್ಟರುಗಳಲ್ಲಿ ಕುಟುಂಬ ಸಮೇತ ಬಂದ ವಿಶ್ವಾಸಿಗಳು ಅಂಗಳದ ಹಂದರದಡಿ ಹಾಸಿಗೆ ಬಿಚ್ಚುತ್ತಿದ್ದರು. ಪೀಠ ಹಾಕಿ ಆರಾಧನೆ ನಡೆಸುತ್ತಿದ್ದುದೂ ಅಲ್ಲೇ. ಹಾರ್ಮೋನಿಯಂ, ಗೀತೆ, ಸಾಕ್ಷಿ, ಮಧ್ಯಾಹ್ನಕ್ಕೆ ಗೋಧಿಹುಗ್ಗಿ. ಆ ಸಂಭ್ರಮದ ನಡುವೆ ಒಂದು ವರ್ಷ ಲುದಿಯಾ ಎಂಬ ನರ್ಸಮ್ಮ ಬಂದು ಕೂತಳು. ಆಕೆ ಹಾಡಲಿಲ್ಲ. ತಲೆಯ ಮೇಲೆ ಸೆರಗನ್ನೂ ಹೊದ್ದುಕೊಳ್ಳಲಿಲ್ಲ.

ಆಕೆ ಬಂದದ್ದು ದೇವರಿಗಾಗಿ ಅಲ್ಲ. ಆರು ವರ್ಷಗಳ ಹಿಂದೆ ಆಕೆಯ ತಮ್ಮ ಏನೋಷ ಇದೇ ಕೂಟಕ್ಕೆ ಬಂದಿದ್ದ. ಚಿಕ್ಕಂದಿನಿಂದ ಮೂರ್ಛೆರೋಗವಿದ್ದರೂ ಮಾತ್ರೆಯ ಬಲದಿಂದ ಗಟ್ಟಿಯಾಗಿ ಓಡಾಡಿಕೊಂಡಿದ್ದವ. "ಅಕ್ಕಾ, ನನಗ ವಾಸಿ ಆತು, ಇನ್ನ ಮಾತ್ರೆ ಬ್ಯಾಡ" ಎಂದು ನಗುತ್ತ ಮನೆಗೆ ಮರಳಿದ. ಹತ್ತೊಂಬತ್ತನೆಯ ದಿನ ಕಾಲುವೆಯಲ್ಲಿ ಮೀಯುವಾಗ ಮೂರ್ಛೆ ಬಂತು. ನೀರಿನಿಂದ ಎತ್ತುವಷ್ಟರಲ್ಲಿ ಮುಗಿದಿತ್ತು. ಅಂದಿನಿಂದ ಲುದಿಯಾ ಚರ್ಚಿನ ಮೆಟ್ಟಿಲು ತುಳಿದಿರಲಿಲ್ಲ. ಈ ಕೂಟದ ಮೋಸವನ್ನು ಕಣ್ಣಾರೆ ಕಂಡು ಹತ್ತು ಜನರ ಮುಂದೆ ಬಯಲಿಗೆಳೆಯಬೇಕೆಂದೇ ಈಗ ಬಂದಿದ್ದಳು.

ಎರಡನೆಯ ದಿನದ ಬೆಳಗಿನ ಆರಾಧನೆಯಲ್ಲಿ ಪಟ್ಟಣದಿಂದ ಬಂದ ಪ್ರಸಂಗಿ ಫಿನೆಹಾಸರು, ವಾಸಿಯಾಯಿತೆಂದು ನಂಬಿದವರು ರೋಗದ ಗುರುತುಗಳನ್ನು ಪೀಠದ ಮುಂದೆ ಬಿಟ್ಟುಹೋಗಬೇಕೆಂದು ಕರೆ ಕೊಟ್ಟರು. ಜನ ಅಳುತ್ತ ಮುಂದೆ ಬಂದರು. ಮಾತ್ರೆಯ ಪೊಟ್ಟಣಗಳು, ಔಷಧದ ಬಾಟಲಿಗಳು, ಒಬ್ಬಾಕೆಯ ಮೊಣಕಾಲಿನ ಪಟ್ಟಿ, ಎಲ್ಲವೂ ಅಗಲ ತಟ್ಟೆಯಂಥ ಒಂದು ಪರಾತದಲ್ಲಿ ಬಿದ್ದವು. ಲುದಿಯಾ ಹಲ್ಲು ಕಚ್ಚಿ ನೋಡಿದಳು. ಮುಂದಿನ ಬೆಂಚಿನ ಮುದುಕರೊಬ್ಬರು ಹಾಡುವುದನ್ನು ಬಿಟ್ಟು, ಪರಾತಕ್ಕೆ ಕೈ ಹಾಕಿದವರ ಮುಖಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದರು. ಆರಾಧನೆ ಮುಗಿದದ್ದೇ ತಡ, ಅವರು ಅದೆಲ್ಲವನ್ನೂ ಶಾಲಿನಲ್ಲಿ ಸುರುವಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದರು.

"ಅವರ್ಯಾರು?" ಎಂದು ಪಕ್ಕದವಳನ್ನು ಕೇಳಿದಳು.

"ಗೊತ್ತಿಲ್ಲೇನವಾ? ಅವರ ನಮ್ಮ ಗಿದಿಯೋನಜ್ಜಾರು."

ಈ ಔಷಧಗಳೆಲ್ಲ ಯಾವ ಅಂಗಡಿಗೆ ಮರಳಿ ಹೋಗುತ್ತವೆ ಎಂದು ಲುದಿಯಾ ಮನಸ್ಸಿನಲ್ಲೇ ಕೇಳಿಕೊಂಡಳು. ಊಟದ ಹೊತ್ತಿಗೆ ಇನ್ನೊಂದು ವಿಚಿತ್ರ ಕಂಡಿತು. ಬೆಳಿಗ್ಗೆ ಔಷಧ ಬಿಟ್ಟವರಲ್ಲಿ ಒಬ್ಬೊಬ್ಬರೇ ಆ ಕೋಣೆಗೆ ಹೋಗುತ್ತಿದ್ದರು. ಹೊರಗೆ ಬರುವಾಗ ಅವರ ಕೈಯಲ್ಲಿ ಸಣ್ಣ ಬಟ್ಟೆಯ ಗಂಟೊಂದು ಇರುತ್ತಿತ್ತು. ಯಾರೂ ನೋಡಬಾರದೆಂಬಂತೆ ಅದನ್ನು ಸೆರಗಿನಲ್ಲಿ, ಅಂಗಿಯ ಕಿಸೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ನಿಜವಾದ ಔಷಧ ಕಸಿದುಕೊಂಡು ಮಂತ್ರಿಸಿದ ಬೂದಿಯೋ ಎಣ್ಣೆಯೋ ಕೊಡುತ್ತಾರೆ, ಸಂಶಯವೇ ಇಲ್ಲ ಎಂದುಕೊಂಡ ಲುದಿಯಾ ಎದ್ದು ನೇರವಾಗಿ ಕೋಣೆಯ ಬಾಗಿಲು ತಳ್ಳಿದಳು.

"ಬಾರವಾ, ಏನ್ ತ್ರಾಸ ಐತಿ?" ಎಂದರು ಗಿದಿಯೋನಪ್ಪನವರು.

"ಮೂರ್ಛೆರೋಗ ಐತ್ರಿ," ಎಂದು ಸುಳ್ಳು ಹೇಳಿದಳು.

ಗಂಟು ಕಟ್ಟುತ್ತಿದ್ದ ಅವರ ಕೈ ತಟ್ಟನೆ ನಿಂತಿತು. "ಮಾತ್ರೆ ಅದಾವೇನು? ಎಲ್ಲಿ ಇಟ್ಟಿ? ಪರಾತದಾಗ ಹಾಕಿದಿಯೇನು?" ಎಂದು ಕಳವಳದಿಂದ ಕೇಳಿದರು.

ಲುದಿಯಾಳ ಕಣ್ಣು ಗೋಡೆಯ ಹಲಗೆಯ ಮೇಲೆ ನೆಟ್ಟಿತ್ತು. ಅಲ್ಲೊಂದು ಚಪ್ಪಟೆ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಸೂಜಿಯಿಂದ ಗೀರಿದ ಅಕ್ಷರಗಳು: ಏನೋಷ. ಗೀರಿದವಳು ಆಕೆಯೇ, ತಮ್ಮನ ಮಾತ್ರೆಗೆಂದು. ತಮ್ಮ ಹೋದ ಮೇಲೆ ಮನೆಯೆಲ್ಲ ಹುಡುಕಿದರೂ ಆ ಡಬ್ಬಿ ಸಿಕ್ಕಿರಲಿಲ್ಲ.

"ನನ್ನ ತಮ್ಮನ ಡಬ್ಬಿ ನಿಮ್ಮ ಕಡೆ ಹೆಂಗ ಬಂತು?" ಆಕೆಯ ದನಿ ಸೀಳಿಹೋಯಿತು. "ಕದ್ದಿರೇನು?"

ಗಿದಿಯೋನಪ್ಪನವರು ಡಬ್ಬಿಯನ್ನು ನೋಡಿದರು, ಆಕೆಯ ಮುಖವನ್ನು ನೋಡಿದರು. ಮಂಚದಿಂದ ಇಳಿದು ನೆಲದ ಮೇಲೆ ಕೂತರು.

"ಆ ಹುಡುಗ ಇದನ್ನ ಪೀಠದ ಮುಂದ ಇಟ್ಟು ಹೋದ. ಕಸ ಬಳಿಯೋನು ನಾನು. ಮಾತ್ರೆ ಚೆಲ್ಲಿದೆ. ಡಬ್ಬಿ ಚಲೋ ಐತಂತ ತೊಳದು ಉಪ್ಪು ಹಾಕಿಟ್ಟುಕೊಂಡೆ. ತಿಂಗಳಾದ ಮ್ಯಾಲೆ ಸುದ್ದಿ ಬಂತು. ನಿಮ್ಮೂರಿಗೆ ಬಂದೆ. ನಿಮ್ಮ ಮನಿ ಬಾಗಿಲತನ ಬಂದು, ಒಳಗ ಬರಾಕ ಧೈರ್ಯ ಆಗದ ತಿರುಗಿ ಹೋದೆ. ಅವತ್ತಿನಿಂದ ಇದರಾಗ ಏನೂ ಹಾಕಿಲ್ಲ."

ಇದೂ ನಾಟಕವೇ ಇರಬೇಕೆಂದು ಲುದಿಯಾ ಮಂಚದ ಮೇಲಿದ್ದ ಗಂಟೊಂದನ್ನು ಕಿತ್ತುಕೊಂಡು ಬಿಚ್ಚಿದಳು. ಒಳಗೆ ಬೂದಿಯಿರಲಿಲ್ಲ, ಎಣ್ಣೆಯಿರಲಿಲ್ಲ. ಬೆಳಿಗ್ಗೆ ಪರಾತದಲ್ಲಿ ಬಿದ್ದಿದ್ದ ಮಾತ್ರೆಗಳೇ ಇದ್ದವು. ಇನ್ನೊಂದು ಬಿಚ್ಚಿದಳು. ಅದರಲ್ಲೂ ಮಾತ್ರೆಗಳೇ. ಯಾರು ಏನು ಬಿಟ್ಟರೆಂದು ನೆನಪಿಟ್ಟುಕೊಂಡು, ಹಳೆಯ ಧೋತರ ಹರಿದು ಗಂಟು ಕಟ್ಟಿ, ಅವರವರನ್ನು ಕರೆದು ಅವರವರದನ್ನೇ ಮರಳಿ ಕೊಡುವ ಕೆಲಸವನ್ನು ಆ ವೃದ್ಧರು ಆರು ವರ್ಷಗಳಿಂದ ಮಾಡುತ್ತ ಬಂದಿದ್ದರು.

ಮೂರನೆಯ ಗಂಟು ಬಿಚ್ಚಿದಾಗ ಆಕೆಯ ಹುಬ್ಬು ಗಂಟಿಕ್ಕಿತು. "ಇದು ಯಾರದು?"

"ರಾಹೇಲಮ್ಮಂದು. ರಕ್ತದ ಒತ್ತಡದ್ದು."

"ಅಲ್ಲ. ಇದು ಸಕ್ಕರಿ ಕಾಯಿಲೆ ಮಾತ್ರೆ. ಆಕಿಗೆ ಕೊಟ್ಟಿದ್ರ ತಲಿ ತಿರುಗಿ ಬೀಳ್ತಿದ್ಲು."

ಗಿದಿಯೋನಪ್ಪನವರು ಕಣ್ಣುಜ್ಜಿಕೊಂಡರು. "ಈಗ ಸರಿ ಕಾಣಂಗಿಲ್ಲವಾ," ಎಂದರು.

ಲುದಿಯಾ ಬಂದ ಕೆಲಸವನ್ನು ಮರೆತಳು. ಹೊರಗೆ ಓಡಿ, ಆಗಲೇ ಗಂಟು ಒಯ್ದವರನ್ನು ಹಂದರದಲ್ಲಿ ಹುಡುಕಿ ಒಂದೊಂದನ್ನೂ ಪರೀಕ್ಷಿಸಿದಳು. ಎರಡು ಅದಲುಬದಲಾಗಿದ್ದವು. ಸರಿಪಡಿಸಿದಳು. ಮರಳಿ ಬಂದು ಉಳಿದವನ್ನೆಲ್ಲ ತಾನೇ ಕಟ್ಟಿದಳು. ಕೊನೆಯ ಗಂಟು ಕಟ್ಟಿದ ಮೇಲೆ ಆಕೆಯ ಸಿಟ್ಟು ಮತ್ತೆ ಎದ್ದಿತು.

"ಅಜ್ಜಾರ, ಹಿಂದಿನ ಕೋಣ್ಯಾಗ ಕದ್ದು ಯಾಕ ಕೊಡ್ತೀರಿ? ಮುಂದ ನಿಂತು ಬ್ಯಾಡ ಅನ್ರಿ. ನಿಮ್ಮ ಕೈಗೆ ಸಿಗದ ಹೋದವರೆಷ್ಟು ಮಂದಿಯೋ!"

"ಅಂಜಿದೆನವಾ," ಎಂದರು ಗಿದಿಯೋನಪ್ಪನವರು. "ಅಜ್ಜನ ವಿಶ್ವಾಸ ಸಡಿಲಾತು ಅಂತ ಜನ ಅಂದಾರು ಅಂತ ಅಂಜಿದೆ. ಅದು ಪಾಪ. ನಾಳೆ ನೀ ನನ್ನ ಬಾಜೂಕ ನಿಂದರತೀಯೇನು?"

ಮೂರನೆಯ ದಿನದ ಬೆಳಿಗ್ಗೆ ಫಿನೆಹಾಸರು ಮಾತಿಗೆ ಏಳುವ ಮೊದಲೇ ಗಿದಿಯೋನಪ್ಪನವರು ಪೀಠದ ಮುಂದೆ ಬಂದು ನಿಂತರು. ಪಕ್ಕದಲ್ಲಿ ಲುದಿಯಾ. ಏನೋಷನ ಸಂಗತಿಯನ್ನು, ತಾವು ಕಸ ಬಳಿದದ್ದನ್ನು, ಡಬ್ಬಿಯಲ್ಲಿ ಉಪ್ಪು ತುಂಬಿದ್ದನ್ನು, ಏನೊಂದೂ ಮುಚ್ಚಿಡದೆ ಹೇಳಿದರು. "ದೇವರು ವಾಸಿ ಮಾಡತಾನ. ಮಾತ್ರೆ ಬಿಡ್ರಿ ಅಂತ ಆತ ನನಗ ಎಂದೂ ಹೇಳಿಲ್ಲ. ಯಾರೂ ಬಿಡಬ್ಯಾಡ್ರಿ," ಎಂದರು.

ಹಂದರದಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಒಬ್ಬ, "ಅಜ್ಜಾರಿಗೆ ಅರಳುಮರಳು," ಎಂದ. ಫಿನೆಹಾಸರು ಮುಖ ಕೆಂಪಗೆ ಮಾಡಿಕೊಂಡು ಕುರ್ಚಿಯಲ್ಲಿ ಕೂತೇ ಇದ್ದರು. ಎರಡು ಕುಟುಂಬಗಳು ಎದ್ದು ಹೊರಟುಹೋದವು. ಗಿದಿಯೋನಪ್ಪನವರು ಲುದಿಯಾಳ ಕಡೆ ತಿರುಗಿ, "ಪ್ರಾರ್ಥನಾ ಮಾಡವಾ," ಎಂದರು.

ಆರು ವರ್ಷಗಳಿಂದ ಪ್ರಾರ್ಥಿಸದ ಬಾಯಿ ಅದು. ಆಕೆ ಕಣ್ಣು ಮುಚ್ಚಿದಳು. ಜನ ಕಾದರು. ಗುಜುಗುಜು ತಾನಾಗಿಯೇ ಅಡಗಿತು. ಕೊನೆಗೆ ಆಕೆಯ ತುಟಿಯಿಂದ, "ತಂದೆಯೇ, ನನ್ನ ತಮ್ಮ ಏನೋಷ..." ಎಂಬಷ್ಟೇ ಹೊರಟಿತು. ಮುಂದಿನದನ್ನು ಹೇಳಲಾಗದೆ ಬಿಕ್ಕಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ರಾಹೇಲಮ್ಮ ಮೊದಲು "ಆಮೆನ್" ಎಂದಳು. ಆಮೇಲೆ ಹಂದರವೆಲ್ಲ ಎಂದಿತು.