ಸಿರಿಂಜಿನ ಹೊಟ್ಟೆಯ ಗಾಳಿ

ಔಷಧಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಾರಿಜಾ ಎಂಬ ವಿದ್ಯಾರ್ಥಿನಿ ಹೊಸ ಸಿರಿಂಜಿಗೆ ನೋವಿನ ಮದ್ದು ಎಳೆದುಕೊಂಡಳು. ಮದ್ದು ಅಳತೆಯ ಗೆರೆ ಮುಟ್ಟಿದ್ದೇ ತಡ, ಸಿರಿಂಜು ಬೀಗಿತು. "ಇಲಿರಾಯ, ಸಿದ್ಧವಾಗು. ನಾನು ಭರ್ತಿಯಾಗಿದ್ದೇನೆ!"

ಪ್ರಯೋಗಕ್ಕೆಂದು ಕಾಲು ಊದಿಸಿಕೊಂಡು ನರಳುತ್ತಿದ್ದ ಬಿಳಿ ಇಲಿ ದಿಟ್ಟಿಸಿ ನೋಡಿತು. "ತಮ್ಮಾ, ನಿನ್ನೊಳಗೊಂದು ಗುಳ್ಳೆ ಇದೆಯಲ್ಲೋ. ಅಷ್ಟು ಮದ್ದು ಕಡಿಮೆಯಾದರೆ ನನ್ನ ನೋವು ಇಳಿಯುವುದು ಹೇಗೆ?"

"ಗೆರೆ ಮುಟ್ಟಿದ್ದು ಕಾಣುವುದಿಲ್ಲವೇ?"

"ಮುಟ್ಟಿಸಿದ್ದು ಗಾಳಿಯಪ್ಪಾ!"

ಅಷ್ಟರಲ್ಲಿ ವಾರಿಜಾಳಿಗೂ ಗುಳ್ಳೆ ಕಂಡಿತು. ಸಿರಿಂಜನ್ನು ನೆಟ್ಟಗೆ ಹಿಡಿದು, ಬೆರಳಿನಿಂದ ತಟ್ಟಿ, ಮೆಲ್ಲಗೆ ಒತ್ತಿದಳು. ಗಾಳಿ ಹೊರಟುಹೋಯಿತು, ಮದ್ದು ಗೆರೆ ಮುಟ್ಟದೆ ಕಡಿಮೆ ಬಿತ್ತು. ಸಿರಿಂಜು ನಾಚಿ, "ಇನ್ನೊಂದಿಷ್ಟು ಎಳೆದುಕೊಳ್ಳಮ್ಮಾ" ಎಂದಿತು. ವಾರಿಜಾ ಗೆರೆಯವರೆಗೆ ಮದ್ದು ತುಂಬಿ ಇಲಿಗೆ ಚುಚ್ಚಿದಳು.

ಸಂಜೆಗೆ ನೋವು ಇಳಿದ ಇಲಿ ಗೂಡಿನ ತುಂಬ ಓಡಾಡುತ್ತಾ ಸಿರಿಂಜಿನತ್ತ ನೋಡಿ ನಕ್ಕಿತು. "ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ! ಬೆನ್ನು ತಟ್ಟಿದರೆ ಉಬ್ಬುವವರನ್ನೇ ನಾನು ಕಂಡದ್ದು. ತಟ್ಟಿದರೆ ಗಾಳಿ ಬಿಟ್ಟವನು ನೀನೊಬ್ಬನೇ!"