ತೊಲೆಯಿಲ್ಲದ ಮನೆಗೆ ತೊಟ್ಟಿಲು

“ಗುರುಗಳೇ, ಎದುರಾಳಿಯ ಮುಂದೆ ಎಷ್ಟು ಬಗ್ಗಬೇಕು?” ಎಂದು ಪ್ರಭಂಜನ ಕೇಳಿದ.

ಅವನ ತಂಡ ಆರು ವರ್ಷ ದುಡಿದು ಒಂದು ಬ್ರೌಸರ್ ಮಾಡಿತ್ತು. ತಮ್ಮದೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. ಈಗ ಅದನ್ನು ಎದುರಾಳಿ ಕಂಪನಿಯ ಆಪರೇಟಿಂಗ್ ಸಿಸ್ಟಮ್‌ಗೂ ಒಯ್ದಿದ್ದರು. ಅಲ್ಲಿ ವಿಂಡೋ ಮುಚ್ಚುವ ಗುಂಡಿ ಯಾವಾಗಲೂ ಬಲಗಡೆ, ಇವರದು ಎಡಗಡೆ. ಅಲ್ಲಿಯ ಜನ ತಡಕಾಡಿ, ಬೈದು, ಬಿಟ್ಟುಹೋಗುತ್ತಿದ್ದರು. ಹೀಗೇ ಆದರೆ ತಿಂಗಳೊಳಗೆ ಕೆಲಸ ನಿಲ್ಲಿಸುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು. ಆರು ವರ್ಷದ ಶ್ರಮ ನೀರುಪಾಲಾಗುವುದೆಂದು ಪ್ರಭಂಜನನಿಗೆ ಸಂಕಟ. ಆದರೂ ಗುಂಡಿಯನ್ನು ಕದಲಿಸಲು ಮನಸ್ಸು ಒಪ್ಪುತ್ತಿರಲಿಲ್ಲ. ಬಲಗಡೆ ಇಡುವುದು ಎದುರಾಳಿಯ ಪದ್ಧತಿ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ತೊಟ್ಟಿಲು ಮಾಡುವುದರಲ್ಲಿ ಅವನದು ಎತ್ತಿದ ಕೈ. ಅವನ ಊರಿನಲ್ಲಿ ತೊಟ್ಟಿಲನ್ನು ತೊಲೆಗೆ ನೇತುಹಾಕಿ ತೂಗುತ್ತಿದ್ದರು. ಹೊಳೆಯಾಚೆಯ ಊರಿನ ಮನೆಗಳಿಗೆ ತೊಲೆಯೇ ಇಲ್ಲ. ಅಲ್ಲಿಯ ಬಡಗಿಗಳು ಬಾಗಿದ ಕಾಲು ಹಚ್ಚಿ, ನೆಲದ ಮೇಲೆ ತೂಗುವ ತೊಟ್ಟಿಲು ಮಾಡುತ್ತಿದ್ದರು. ಇವನಿಗೂ ಅವರಿಗೂ ಹಾವು ಮುಂಗುಸಿ ಸಂಬಂಧ. ಒಂದು ದಿನ ಹಟ ತೊಟ್ಟು ಹತ್ತು ತೊಟ್ಟಿಲುಗಳನ್ನು ಹೊಳೆ ದಾಟಿಸಿದ. ಕಾಲು ಮಾತ್ರ ಹಚ್ಚಲಿಲ್ಲ. ಹಚ್ಚಿದರೆ ಆ ಬಡಗಿಗಳ ಮುಂದೆ ತಲೆ ತಗ್ಗಿಸಿದಂತೆ ಎಂದುಕೊಂಡ. ಕೆತ್ತನೆಯ ಅಂದ ನೋಡಿ ಜನ ಮುಗಿಬಿದ್ದು ಒಯ್ದರು. ಬಡಗಿ ಬೀಗಿದ.

ತಿಂಗಳ ಮೇಲೆ ನೋಡಿಕೊಂಡು ಬರಲು ಹೋದ. ಮೊದಲ ಮನೆಯಲ್ಲಿ ತೊಟ್ಟಿಲು ನೆಲದ ಮೇಲಿತ್ತು, ತುಂಬ ಈರುಳ್ಳಿ. ಕೂಸು ತಾಯಿಯ ಹೆಗಲ ಮೇಲೆ ನಿದ್ದೆಯಿಲ್ಲದೆ ಅಳುತ್ತಿತ್ತು.

“ಇದೇನಮ್ಮ, ನನ್ನ ತೊಟ್ಟಿಲಿಗೆ ಈ ಗತಿ? ಒಂದು ತೊಲೆ ಹಾಕಿಸಿಕೊಳ್ಳಬಾರದಿತ್ತೇ?” ಎಂದ ಬಡಗಿ.

“ನಿನ್ನ ತೊಟ್ಟಿಲು ಬಲು ಚೆಂದ ಕಣಪ್ಪ. ಅದಕ್ಕೋಸ್ಕರ ಮನೆ ಬಿಚ್ಚಿ ಕಟ್ಟೋಕಾಗುತ್ತಾ?” ಎಂದು ಆಕೆ ಕೂಸಿನ ಬೆನ್ನು ತಟ್ಟುತ್ತ ಒಳಗೆ ಹೋದಳು.

ಉಳಿದ ಒಂಬತ್ತು ಮನೆಗಳ ಬಾಗಿಲು ತಟ್ಟುವ ಧೈರ್ಯ ಬಡಗಿಗೆ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪ್ರಭಂಜನನಿಗೆ ಸಮಾಧಾನವಾಗಲಿಲ್ಲ. “ಆದರೆ ಕಾಲು ಹಚ್ಚಿದ್ದರೆ ಆ ಊರಿನ ಬಡಗಿಗಳೇ ಗೆದ್ದಂತಾಗುತ್ತಿತ್ತಲ್ಲ?” ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: “ನಿನ್ನ ಜಗಳ ಇದ್ದದ್ದು ಬಡಗಿಗಳ ಜೊತೆ, ಕೂಸಿನ ನಿದ್ದೆ ಯಾಕೆ ಕೆಡಿಸಿದೆ?”