ಕೆಂಪು ಗೆರೆಯ ಕೆಳಗಿನ ಒತ್ತು

“ಅಜ್ಜಾರ, ನಾಡಿನಾಗ ಇಷ್ಟು ಮಠ ಅದಾವು, ಇಷ್ಟು ಮಂದಿ ಗುರುಗಳು ಅದಾರ. ಇವರೊಳಗ ನಮಗ ತಕ್ಕವರನ್ನ ಆರಿಸೋದು ಹ್ಯಾಂಗ್ರಿ?”

ಕೇಳಿದವನು ಅಡಿವೆಪ್ಪ. ಏಳು ಮಠಗಳನ್ನು ನೋಡಿ ಎಂಟನೆಯದಕ್ಕೆ ಬಂದವನು. ಅವನ ಕಂಕುಳಲ್ಲಿ ಒಂದು ನೋಟುಬುಕ್ಕು ಇತ್ತು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅವನ ಹೆಸರು. ಒಳಗೆ ಮಠಕ್ಕೊಂದು ಹಾಳೆ. ಎಲ್ಲಿ ದಾಸೋಹ ರುಚಿ, ಎಲ್ಲಿ ಕೋಣೆ ತಂಪು, ಯಾವ ಗುರುಗಳ ದನಿ ಇಂಪು ಎಂಬುದೆಲ್ಲ ಅದರಲ್ಲಿತ್ತು. ಮಠದ ಅಜ್ಜಾರು ಅದನ್ನು ತಿರುವಿ ನೋಡಿ ನಕ್ಕರು. ಪುಸ್ತಕ ಹಿಂದಕ್ಕೆ ಕೊಟ್ಟು ಕತೆ ಹೇಳಿದರು.

ಒಬ್ಬ ಮಗ್ಗದ ಮೇಸ್ತ್ರಿ ಇದ್ದ. ಕೆಟ್ಟ ಕೈಮಗ್ಗಗಳನ್ನು ಸರಿಮಾಡುವುದು ಅವನ ಕಸುಬು. ಲಾಳಿ ಓಡುವ ಸದ್ದು ಕೇಳಿದರೆ ಸಾಕು, ಮಗ್ಗ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಆದರೆ ಅವನ ಓಣಿಯ ಮಗ್ಗಗಳು ಒಂದೊಂದಾಗಿ ಅಟ್ಟ ಸೇರಿದ್ದವು. ದೂರದ ಊರುಗಳಲ್ಲಿ ಮಗ್ಗಗಳಿದ್ದವು. ಅಲ್ಲಿಯವರಿಗೆ ಇವನು ಯಾರೆಂದು ಗೊತ್ತಿರಲಿಲ್ಲ. ವಿದ್ಯೆ ಇದ್ದೂ ಕೈ ಕಟ್ಟಿ ಕೂರುವ ಸಂಕಟ ಕೂತವನಿಗೇ ಗೊತ್ತು. ಕಲ್ಯಾಣ ಮಂಟಪದವರು ಕಾವಲು ಕೆಲಸಕ್ಕೆ ಬಾ ಎಂದು ಕರೆದಿದ್ದರು, ಅಂಗಿಯನ್ನೂ ಕೊಟ್ಟು ಹೋಗಿದ್ದರು.

ಅಷ್ಟರಲ್ಲಿ ಹನ್ನೆರಡು ಊರಿನ ನೇಕಾರರ ಸಮಾವೇಶ ಗೊತ್ತಾಯಿತು. ಹದಿನೈದು ದಿನ ಉಳಿದಿತ್ತು. ಬಂದವರ ಕೈಗೆಲ್ಲ ಒಂದೊಂದು ವಿಸಿಟಿಂಗ್ ಕಾರ್ಡು ಕೊಟ್ಟರೆ ಕಸುಬು ಉಳಿದೀತು, ಇಲ್ಲವಾದರೆ ಕಾವಲಿನ ಅಂಗಿಯೇ ಗತಿ ಎಂದು ಮೇಸ್ತ್ರಿ ಲೆಕ್ಕ ಹಾಕಿದ.

ಊರಿನ ಪ್ರೆಸ್ಸಿನವನು ಲಗ್ನಪತ್ರಿಕೆಗಳ ಗದ್ದಲದಲ್ಲಿ ತಲೆ ಎತ್ತುತ್ತಿರಲಿಲ್ಲ. ಮೇಸ್ತ್ರಿ ಫೋನು ಹಿಡಿದು ಆನ್‌ಲೈನಿನಲ್ಲಿ ಹುಡುಕಿದ. ಕಾರ್ಡು ಅಚ್ಚುಹಾಕಿ ಮನೆಗೇ ಕಳಿಸುವವರು ಹನ್ನೊಂದು ಮಂದಿ ಸಿಕ್ಕರು. ಒಬ್ಬರಿಗೆ ನಾಲ್ಕೂವರೆ ನಕ್ಷತ್ರ, ಇನ್ನೊಬ್ಬರಿಗೆ ನಾಲ್ಕು ಮುಕ್ಕಾಲು. ಮಗಳ ಜಾತಕ ಕೂಡಿಸುವಾಗಲೂ ಅವನು ಅಷ್ಟು ನಕ್ಷತ್ರ ನೋಡಿರಲಿಲ್ಲ. ಮಾದರಿ ತರಿಸಿದ. ಬಗ್ಗಿಸಿದ, ನೀರಿಗೆ ಹಾಕಿದ, ಉಗುರಿನಿಂದ ಕೆರೆದ, ಕಡೆಗೆ ಹಲ್ಲಿನಿಂದ ಕಚ್ಚಿಯೂ ನೋಡಿದ.

“ಕಾರ್ಡು ಓದಾಕೋ ತಿನ್ನಾಕೋ?” ಎಂದಳು ಹೆಂಡತಿ.

“ನಿನಗ ತಿಳಿಯಂಗಿಲ್ಲ, ಸುಮ್ನಿರು,” ಎಂದ ಮೇಸ್ತ್ರಿ.

ಆರಿಸುವುದರಲ್ಲಿ ಹತ್ತು ದಿನ ಹೋಯಿತು. ಕೊನೆಗೆ ಒಬ್ಬರನ್ನು ಗಟ್ಟಿ ಮಾಡಿದ. ಫೋನಿನ ಪರದೆಯ ಮೇಲೆ ಕಾರ್ಡಿನ ಹಿಂಬದಿಗೆ ವಿಳಾಸ, ಫೋನು ನಂಬರು ಹಾಕಿದ. ಮುಂಬದಿಯಲ್ಲಿ ಮೇಲಿನ ಸಾಲಿಗೆ ತನ್ನ ಹೆಸರು ಕೂರಿಸಿದ, ಕೆಳಗಿನ ಸಾಲಿಗೆ ತನ್ನ ಕಸುಬು: “ಎಂಥ ಹಾಳಾದ ಮಗ್ಗ ಇರಲಿ, ಮನೆಗೇ ಬಂದು ಸರಿ ಮಾಡಲಾಗುವುದು.” ಹೆಸರು ಸಣ್ಣದಾಯಿತು ಅನ್ನಿಸಿತು, ಹಿಗ್ಗಿಸಿದ. ಅದಕ್ಕೆ ಬಂಗಾರದ ಬಣ್ಣ ಕೊಟ್ಟ. ಸುತ್ತ ಬಂಗಾರದ ಬಳ್ಳಿ ಹಬ್ಬಿಸಿದ. ಮತ್ತೆ ಹಿಗ್ಗಿಸಿದ. ಹೆಸರು ಹಿಗ್ಗಿದಷ್ಟೂ ಕಸುಬಿನ ಸಾಲು ಕೆಳಗೆ ಜಾರಿತು. ಅಂಚಿನಲ್ಲಿ ಒಂದು ಕೆಂಪು ಗೆರೆ ಇತ್ತು. “ಈ ಗೆರೆಯ ಕೆಳಗಿರುವುದು ಕತ್ತರಿಗೆ ಹೋಗುತ್ತದೆ. ಓದಿ ನೋಡಿದಿರಾ?” ಎಂದು ಅಲ್ಲಿ ಕೇಳಿದ್ದರು. ಮೇಸ್ತ್ರಿ ಬಂಗಾರದ ಬಳ್ಳಿಯನ್ನೇ ನೋಡುತ್ತ “ನೋಡಿದೆ” ಎಂದು ಒತ್ತಿದ.

ಅಕ್ಷರಗಳು ಗೆರೆಯ ಮೇಲೇ ಇದ್ದವು. ಆದರೆ ನಮ್ಮ ಒತ್ತಕ್ಷರ ನೇತಾಡುವುದು ಕೆಳಗೆ. ಆ ಸಾಲಿನಲ್ಲಿ ಇದ್ದದ್ದು ಒಂದೇ ಒತ್ತು. ಅದು ಕತ್ತರಿಗೆ ಹೋಯಿತು.

ಕಾರ್ಡು ಬಂದದ್ದು ಸಮಾವೇಶದ ದಿನ ಬೆಳಿಗ್ಗೆ. ಮೇಸ್ತ್ರಿ ಬಂಗಾರವನ್ನು ಸವರಿ ನೋಡಿ ಜೇಬಿಗೆ ತುಂಬಿಕೊಂಡು ಓಡಿದ. ಇಸಿದುಕೊಂಡವರೆಲ್ಲ ಓದಿ ಮುಸಿಮುಸಿ ನಕ್ಕರು. ಕೆಲವರು ಇನ್ನೊಂದು ಕೇಳಿ ಪಡೆದರು. ಕಾರ್ಡಿನ ಚೆಲುವಿಗೆ ಮರುಳಾದರು ಎಂದು ಅವನು ಉಬ್ಬಿಹೋದ. ಮನೆಗೆ ಮರಳುವಾಗ ಬಸ್ಸಿನಲ್ಲಿ ಉಳಿದ ಒಂದನ್ನು ತೆಗೆದು ಮೊದಲ ಸಲ ಓದಿದ: “ಎಂಥ ಹಾಳಾದ ಮಗ ಇರಲಿ, ಮನೆಗೇ ಬಂದು ಸರಿ ಮಾಡಲಾಗುವುದು.” ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಒಂದು ವಾರ ಯಾವ ನೇಕಾರನೂ ಫೋನು ಮಾಡಲಿಲ್ಲ. ಎಂಟನೆಯ ದಿನ ಮೇಸ್ತ್ರಿ ಕಾವಲಿನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಎರಡು ಬಸ್ಸು ಬದಲಿಸಿ ಒಬ್ಬ ಮುದಿ ನೇಕಾರ ಬಂದ. ಕೈಯಲ್ಲಿ ಕಾರ್ಡು.

“ಮಗ ಹಾಳಾಗ್ಯಾನ್ರಿ. ನೇಯಾಕ ಕುಂಡ್ರಂಗಿಲ್ಲ, ಹೊರಗ ಹೋದ್ರ ಮನಿಗೆ ಬರಂಗಿಲ್ಲ. ಸರಿ ಮಾಡಿಕೊಡ್ರಿ.”

“ಯಜಮಾನ್ರ, ಅದು ಮಗ ಅಲ್ರಿ, ಮಗ್ಗ. ಕೆಳಗಿನ ಒತ್ತು ಹೋಗೈತಿ.”

“ನಮ್ಮವಂದೂ ಅದ ಕತಿ ಅಂತ ತಿಳೀರಿ. ಅವಗೂ ಒತ್ತು ಕೊಡವರು ಯಾರೂ ಇಲ್ಲ.”

ಮೇಸ್ತ್ರಿಗೆ ನಗು ಬಂತು, ಹಿಂದೆಯೇ ಕರುಳು ಚುರುಕ್ ಎಂದಿತು. ಬರೆದ ಮಾತಿಗೆ ಕಟ್ಟುಬಿದ್ದು ಮುದುಕನ ಹಿಂದೆ ಹೊರಟ. ಮಗ ಮೂವತ್ತರ ಗಂಡಸು, ಮುಖ ಗಂಟು ಹಾಕಿಕೊಂಡು ಕೂತಿದ್ದ. ಮೇಸ್ತ್ರಿ ಬುದ್ಧಿ ಹೇಳಲಿಲ್ಲ. ಒಂದು ಗೇಣು ನೇಯ್ದು ತೋರಿಸಪ್ಪಾ ಎಂದು ಕೂರಿಸಿದ, ತಾನು ಕಣ್ಣು ಮುಚ್ಚಿ ಸದ್ದು ಕೇಳಿದ. ಲಾಳಿ ಎಡಗಡೆ ಹೋದಾಗೊಮ್ಮೆ ಎಡವಿ ನೆಗೆದು ಬೀಳುತ್ತಿತ್ತು, ಎಳೆ ಹರಿಯುತ್ತಿತ್ತು. ಮೂರು ವರ್ಷದಿಂದ ಹಾಗೇ ಬೀಳುತ್ತಿತ್ತು. ಕೆಟ್ಟದ್ದು ಮಗ್ಗ; ಅಪ್ಪ ಬೈಯುತ್ತಿದ್ದದ್ದು ಮಗನನ್ನು.

ಮೇಸ್ತ್ರಿ ಎಡಗಡೆಯ ಹಲಗೆ ಬಿಚ್ಚಿ, ಹೆರೆದು, ಮತ್ತೆ ಜೋಡಿಸಿದ. ಲಾಳಿ ಸರಾಗ ಓಡಿತು. ಮಗ ಊಟಕ್ಕೂ ಏಳಲಿಲ್ಲ. ಮುದುಕ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡ. ಮರುದಿನದಿಂದ ಅವನು ಕಂಡಕಂಡಲ್ಲಿ ಹೇಳತೊಡಗಿದ: ಆ ಮೇಸ್ತ್ರಿ ಮಗನನ್ನೂ ಸರಿ ಮಾಡುತ್ತಾನೆ, ಮಗ್ಗವನ್ನೂ ಸರಿ ಮಾಡುತ್ತಾನೆ. ತಿಂಗಳೊಳಗೆ ಮೇಸ್ತ್ರಿಗೆ ಉಣ್ಣಲು ಪುರುಸೊತ್ತಿಲ್ಲದಂತಾಯಿತು. ಕಾವಲಿನ ಅಂಗಿ ಮಂಟಪಕ್ಕೆ ವಾಪಸಾಯಿತು. ಎರಡನೆಯ ಸಲ ಕಾರ್ಡು ಮಾಡಿಸುವಾಗ ಅವನು ಮಾದರಿ ತರಿಸಲಿಲ್ಲ, ನಕ್ಷತ್ರ ಎಣಿಸಲಿಲ್ಲ. ಹನ್ನೊಂದರಲ್ಲಿ ಮೊದಲು ಕಂಡವರಿಗೇ ಹೇಳಿದ. ಹೆಸರನ್ನು ಕುಗ್ಗಿಸಿ ಕಸುಬನ್ನು ಮೇಲಕ್ಕೆತ್ತಿದ, ಬೆರಳಿಟ್ಟು ಅಕ್ಷರ ಅಕ್ಷರ ಓದಿದ. ಅಷ್ಟೇ.

ಅಜ್ಜಾರು ಕತೆ ನಿಲ್ಲಿಸಿದರು. ಅಡಿವೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸಾಕಾದ ಮೇಲೆ ನೋಟುಬುಕ್ಕು ತೆರೆದ, ಪೆನ್ನು ತೆಗೆದ.

“ಹಂಗಾರ ಅಜ್ಜಾರ, ಕಡೀಕ ಯಾರ ಕಡೆ ಅಚ್ಚು ಹಾಕಿಸಿದ ಅಂತ ಹೇಳ್ರಿ, ಬರಕೋತೀನಿ.”

“ತಮ್ಮಾ, ನಿನ್ನ ಹೆಸರು ಬರದೀ, ಏಳು ಮಠದ ಹೆಸರೂ ಬರದೀ, ನೀ ಕಲಿಯಾಕ ಬಂದಿದ್ದು ಏನು ಅಂತ ಯಾವ ಹಾಳ್ಯಾಗ ಬರದೀ?”